ಸೋಮ, ಬುಧ, ಶುಕ್ರದ ಮಳೆ

ಮಳೆ ದಾಖಲಿಸುವ ಹಳೆಯ ರಿಜಿಸ್ಟರಿನಲ್ಲಿ ಕೊನೆಗೊಂದು ಕಾಲಂ ಇರುತ್ತಿತ್ತು: ಷರಾ. ತಾರೀಖು, ವೇಳೆ, ಎಷ್ಟು ಮಿಲಿಮೀಟರ್, ಓದಿದವರ ಸಹಿ, ಅದಾದ ಮೇಲೆ ಷರಾ. ಅಂಕಿಯಲ್ಲಿ ಹಿಡಿಯದ ಮಾತೇನಾದರೂ ಇದ್ದರೆ ಅಲ್ಲಿ ಬರೆಯಬೇಕು. 'ಗಾಳಿ ಜೋರಿತ್ತು.' 'ಎಲೆ ಬಿದ್ದಿತ್ತು.' 'ಅಂಚಿನ ಮೇಲೆ ಕಾಗೆ ಕೂತಿತ್ತು.' ನನ್ನ ಮೂವತ್ತನಾಲ್ಕು ವರ್ಷಗಳ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ಸುಧಾರಣೆ ಎಂದರೆ ಈ ಕಾಲಮನ್ನು ತೆಗೆಸಿದ್ದು. ಅತಿ ದೊಡ್ಡ ತಪ್ಪು ಯಾವುದು ಎಂದು ಕೇಳಿದರೂ ಅದೇ ಉತ್ತರ.

ಆದ್ದರಿಂದ ಈ ಬರಹದಲ್ಲಿ ಆ ಕಾಲಂ ಮತ್ತೆ ಇರುತ್ತದೆ. ನನಗೆ ನೆನಪಿರುವಂತೆ ಬರೆಯುತ್ತ ಹೋಗುತ್ತೇನೆ. ಅನುಮಾನ ಬಂದಲ್ಲಿ, ಅಥವಾ ಬೇರೆಯವರು 'ಹಾಗಲ್ಲ' ಎಂದಲ್ಲಿ, ಷರಾ ಹಾಕುತ್ತೇನೆ. ನೆನಪು ಎಷ್ಟು ನಯವಾಗಿ ಬರುತ್ತದೋ ಅಷ್ಟು ಅದನ್ನು ನಂಬಬಾರದು. ನಯವಾದ ಅಂಕಿಗಳನ್ನು ಕಂಡರೂ ನನಗೆ ಇದೇ ಅನುಮಾನ. ಆ ಬುದ್ಧಿ ಬಂದಿದ್ದು ಮಾತ್ರ ನಿವೃತ್ತಿಗೆ ಸ್ವಲ್ಪ ಮುಂಚೆ.

ಬರೆಯಲು ಹೇಳಿದವಳು ಮಹಾದೇವಿ. ಬಾಗಲಕೋಟೆ ಕಡೆಯವಳು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದುಕೊಂಡು ಬನಶಂಕರಿಯ ನಮ್ಮ ಸಂಸ್ಥೆಗೆ ಸೇರಿದವಳು, ಈಗ ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಕೂರುತ್ತಾಳೆ. ಹೋದ ತಿಂಗಳು ಜಯನಗರದ ನಮ್ಮ ಮನೆಗೆ ಬಂದಿದ್ದಳು.

"ಮೇಡಮ್ರೀ, ಹೊಸದಾಗಿ ಆರು ಮಂದಿ ಬಂದಾರ್ರೀ. ಎಲ್ಲಾರೂ ಭಾಳ ಶಾಣ್ಯಾ. ಮಾಡೆಲ್ ಅಂದ್ರ ದೇವ್ರು ಅಂತ ತಿಳ್ಕೊಂಡಾರ. ನೀವೊಂದೀಟು ಬರದ್ ಕೊಡ್ರಿ."

"ಏನಂತ ಬರೀಲಿ?"

"ಪ್ರಮೋಷನ್ ಸುದ್ದಿ ಬ್ಯಾಡ್ರಿ. ತಪ್ಪು ಬರೀರಿ. ನಿಮ್ ಕಡೆ ಸ್ಟಾಕ್ ಭಾಳ ಐತಲ್ಲ."

ಮೊದಲು, ಕೆಲಸ ಏನು ಎನ್ನುವುದು. ಭೂಮಿಯ ಗಾಳಿ, ಸಮುದ್ರ, ಬಿಸಿಲು ಎಲ್ಲವನ್ನೂ ಲೆಕ್ಕಕ್ಕಿಳಿಸಿ, ಮುಂದಿನ ದಶಕಗಳಲ್ಲಿ ಏನಾಗಬಹುದು ಎಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದಕ್ಕೆ ಹವಾಮಾನ ಮಾಡೆಲ್ ಎನ್ನುತ್ತಾರೆ. ಅದನ್ನು ಕಟ್ಟುವವರು ಎಲ್ಲೋ ದೊಡ್ಡ ಕಟ್ಟಡಗಳಲ್ಲಿರುತ್ತಾರೆ. ನಮ್ಮದು ಬಳಸುವ ಕೆಲಸ. ಅದು ಹೇಳುವ ಮಳೆಯನ್ನು ತೆಗೆದುಕೊಂಡು ನಮ್ಮ ಕೆರೆಗೆ, ಹೊಳೆಗೆ, ಬೋರ್‌ವೆಲ್ಲಿಗೆ ಎಷ್ಟು ನೀರು ಬಂದೀತು ಎಂದು ಹೇಳಬೇಕು. ಬೇರೆಯವರ ಮನೆಯ ಸಾರು ತಂದು ನಮ್ಮ ಮನೆಯ ಅನ್ನಕ್ಕೆ ಕಲಸುವಂಥ ಕೆಲಸ. ಉಪ್ಪು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ನಾನು ಸೇರಿದ ಕಾಲದಲ್ಲಿ ಮಾಡೆಲಿನ ಕಣ್ಣಿಗೆ ಭೂಮಿಯೆಲ್ಲ ದೊಡ್ಡ ದೊಡ್ಡ ಚೌಕಗಳಾಗಿ ಕಾಣುತ್ತಿತ್ತು. ಬೆಂಗಳೂರು, ತುಮಕೂರು, ರಾಮನಗರ, ಹೊಸೂರು ಎಲ್ಲ ಸೇರಿ ಒಂದು ಚೌಕ, ಅದಕ್ಕೆಲ್ಲ ಒಂದೇ ಮಳೆ. ಇಲ್ಲಿ ನಿಜವಾಗಿ ಹೇಗೆ ಎಂದು ನಿಮಗೆ ಗೊತ್ತು. ಸೌತ್ ಎಂಡ್ ಸರ್ಕಲ್ಲಿನಲ್ಲಿ ಬಿಚ್ಚಿದ ಕೊಡೆಯನ್ನು ಬನಶಂಕರಿ ದೇವಸ್ಥಾನದ ಹತ್ತಿರ ಮಡಚುತ್ತೇವೆ. ಜೆಪಿ ನಗರದಲ್ಲಿ ಮಂಡಿಮಟ್ಟ ನೀರಿದ್ದಾಗ ಕತ್ರಿಗುಪ್ಪೆಯ ತಾರಸಿಗಳ ಮೇಲೆ ಹಪ್ಪಳ ಒಣಗುತ್ತಿರುತ್ತದೆ. ಮಾಡೆಲಿನಲ್ಲಿ ಹಾಗಿಲ್ಲ. ಅಲ್ಲಿ ಎಲ್ಲರಿಗೂ ಸ್ವಲ್ಪ ಸ್ವಲ್ಪ, ದಿನಾ ಸ್ವಲ್ಪ ಸ್ವಲ್ಪ, ತೀರ್ಥ ಕೊಟ್ಟ ಹಾಗೆ.

ಒಂದು ಮಾಡೆಲಿನಲ್ಲಂತೂ ವರ್ಷಕ್ಕೆ ಮುನ್ನೂರ ಅರವತ್ತೇ ದಿನ. ಲೆಕ್ಕಕ್ಕೆ ಸುಲಭವಾಗಲಿ ಎಂದು ತಿಂಗಳಿಗೆ ಮೂವತ್ತರಂತೆ ಹಂಚಿಬಿಟ್ಟಿದ್ದರು. ಹಾಗಾಗಿ ಅದರಲ್ಲಿ ಫೆಬ್ರವರಿ ಮೂವತ್ತು ಬರುತ್ತದೆ. ಆ ದಿನ ಮಳೆಯೂ ಆಗುತ್ತದೆ. ಇದನ್ನು ನಾನು ಸಂಭ್ರಮದಿಂದ ಹೇಳಿದ್ದು ನಂಜಪ್ಪನವರಿಗೆ. ಸಂಸ್ಥೆಯ ಪಂಪು ಹಾಕುವುದು, ಗಿಡ ನೋಡಿಕೊಳ್ಳುವುದು, ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ ಅಂಗಳದ ಮಳೆಮಾಪಕ ಓದಿ ಬರೆಯುವುದು, ಮೂರೂ ಅವರ ಕೆಲಸ. ಪ್ರತಿ ಕೆಲಸವನ್ನೂ ಶ್ರಾದ್ಧದ ಶ್ರದ್ಧೆಯಿಂದ ಮಾಡುತ್ತಿದ್ದರು. ಅವರು ಪೈಪು ಕೆಳಗಿಟ್ಟು ಯೋಚಿಸಿದರು.

"ಡಿಸೆಂಬರ್ ಮೂವತ್ತೊಂದು ಇಲ್ವಾ ಮೇಡಂ ಅದ್ರಲ್ಲಿ?"

"ಇಲ್ಲ."

"ಹಂಗಾದ್ರೆ ಅಮಾವಾಸ್ಯೆ ಎಲ್ಲಿಗೆ ಹಾಕ್ತಾರೆ?"



ಇನ್ನೊಂದು. ಮಾಡೆಲ್ ಮಳೆಯನ್ನು ಸೆಕೆಂಡಿಗೆ ಇಷ್ಟು ಎಂದು ಕೊಡುತ್ತದೆ. ದಿನಕ್ಕೆ ಎಷ್ಟು ಎಂದು ಬೇಕಾದರೆ ಎಂಬತ್ತಾರು ಸಾವಿರದ ನಾನೂರರಿಂದ ಗುಣಿಸಬೇಕು. ಒಮ್ಮೆ ಗುಣಿಸುವುದು ಮರೆತೆ. ಒಂದು ವಾರ ದಕ್ಷಿಣ ಬೆಂಗಳೂರು ಮರುಭೂಮಿಯಾಗಿತ್ತು. ಅದರ ಮೇಲೆ ಸಭೆ ಕೂಡ ಆಯಿತು. ಎಲ್ಲರೂ ಗಂಭೀರವಾಗಿ ತಲೆದೂಗಿದರು. ಒಂಟೆ ಸಾಕುವ ಯೋಜನೆಯ ತನಕ ಮಾತು ಹೋಗಲಿಲ್ಲ, ಅಷ್ಟೇ.

ಷರಾ: ಗುಣಿಸಲು ಮರೆತದ್ದು ನಾನೋ, ಆಗ ಜೊತೆಗಿದ್ದ ಇನ್ನೊಬ್ಬರೋ ಖಚಿತವಿಲ್ಲ. ಕಥೆ ಚೆನ್ನಾಗಿದೆ ಎಂದು ವರ್ಷಗಳಿಂದ ನನ್ನ ಹೆಸರಿಗೇ ಇಟ್ಟುಕೊಂಡಿದ್ದೇನೆ. ಅವರು ವಾಪಸ್ ಕೇಳಿಲ್ಲ.

ನಮ್ಮ ನಿರ್ದೇಶಕರನ್ನು ಬೆನ್ನ ಹಿಂದೆ ಎಲ್ಲರೂ 'ಒಂದೇ ನಂಬರ್ ಸಾರ್' ಎನ್ನುತ್ತಿದ್ದೆವು. ಕೆಟ್ಟವರಲ್ಲ. ಹುಟ್ಟುಹಬ್ಬಕ್ಕೆ ಎಲ್ಲರಿಗೂ ಜಹಾಂಗೀರ್ ತರಿಸುತ್ತಿದ್ದರು. ಆದರೆ ಎರಡು ಉತ್ತರ ಇರುವ ಪ್ರಶ್ನೆಯನ್ನು ಕಂಡರೆ ಅವರಿಗೆ ಆಮ್ಲಪಿತ್ತ ಏರುತ್ತಿತ್ತು.

"ಸಾರ್, ಕೆಲವು ಮಾಡೆಲ್ ಮಳೆ ಜಾಸ್ತಿ ಆಗತ್ತೆ ಅಂತಿವೆ, ಕೆಲವು ಕಡಿಮೆ ಆಗತ್ತೆ ಅಂತಿವೆ."

"ಎಲ್ಲಾ ಕೂಡಿಸಿ ಭಾಗಿಸಿ. ನಂಗೊಂದು ನಂಬರ್ ಕೊಡಿ ಮೇಡಂ. ಒಂದೇ. ಮೇಲಿನವರ ಮುಂದೆ ಹೋಗಿ 'ಇಲ್ಲಿಂದ ಅಲ್ಲೀವರೆಗೆ' ಅಂತ ಕೈ ಅಗಲಿಸೋಕಾಗಲ್ಲ."

"ಸಾರ್, ನಿಮ್ಮ ಚಪ್ಪಲಿ ಹತ್ತನೇ ನಂಬರು, ನಿಮ್ಮ ಮನೆಯವರದ್ದು ಆರು. ಸರಾಸರಿ ತೆಗೆದು ಇಬ್ಬರಿಗೂ ಎಂಟನೇ ನಂಬರ್ ತಂದ್ರೆ?"

"ಒಂದೇ ಸೈಜು ಸಾಕಾಯ್ತಲ್ಲ, ಅನುಕೂಲವೇ!"

ಷರಾ: ಚಪ್ಪಲಿಯ ಮಾತನ್ನು ಅವರ ಮುಂದೆ ಹೇಳಿದೆನೋ, ಆಮೇಲೆ ಮೆಟ್ಟಿಲಿಳಿಯುತ್ತ ನನಗೆ ನಾನೇ ಹೇಳಿಕೊಂಡೆನೋ? ಅವರ ಉತ್ತರ ಇಷ್ಟು ಚೆನ್ನಾಗಿರುವುದನ್ನು ನೋಡಿದರೆ ಎರಡನೆಯದೇ ಇರಬೇಕು.

ಈಗ ಸೀಗೆಕಟ್ಟೆ ಕೆರೆಯ ವಿಷಯಕ್ಕೆ ಬರುತ್ತೇನೆ. ಉಳಿದದ್ದನ್ನು ನೀವು ಮರೆತರೂ ಪರವಾಗಿಲ್ಲ.

ಕೆರೆ ಇರುವುದು ಕೋಣನಕುಂಟೆಯಿಂದಾಚೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹರಿದು ಹೋಗಲು ಏರಿಯ ಒಂದು ಕೊನೆಯಲ್ಲಿ ತಗ್ಗಾಗಿ ಕಟ್ಟಿರುವ ಕಲ್ಲಿನ ಕಟ್ಟೆಯೇ ಕೋಡಿ. ಕೋಡಿ ಎಷ್ಟು ಎತ್ತರವೋ ಕೆರೆ ಅಷ್ಟು ತುಂಬುತ್ತದೆ. ಆ ಕೋಡಿಯನ್ನು ಏರಿಸಬೇಕೆ, ಏರಿಸಿದರೆ ಎಷ್ಟು, ಐವತ್ತು ವರ್ಷ ಮುಂದಿನ ಮಳೆ ನೋಡಿ ಹೇಳಿ ಎಂದು ನಮ್ಮನ್ನು ಕೇಳಿದ್ದರು. ವರದಿಯ ತಲೆಬರಹ 'ಸಿಹಿನೀರಿನ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ'. ನಾನೂ ಮಹಾದೇವಿಯೂ ಜಾಗ ನೋಡಲು ಹೋದೆವು.

ಕೆರೆಗೆ ನೀರು ಬರುವ ದಿಕ್ಕಿನಲ್ಲಿ, ತಗ್ಗಿನ ಬೀದಿಯ ಕೊನೆಗೆ ಒಂದು ಹಿಟ್ಟಿನ ಮಿಲ್ಲಿತ್ತು. ಬಾಗಿಲಲ್ಲಿ ಕಣ್ಣುರೆಪ್ಪೆಯ ತನಕ ರಾಗಿಹಿಟ್ಟು ಮೆತ್ತಿಕೊಂಡ ಒಬ್ಬರು ನಿಂತಿದ್ದರು. ಮುನಿರತ್ನಮ್ಮ. ಮಿಲ್ಲು ಅವರದೇ.

"ಯಾವ ಆಫೀಸು ತಾಯಿ?"

ಮಹಾದೇವಿ ಹೆಮ್ಮೆಯಿಂದ ಹೇಳಿದಳು: "ಐವತ್ತು ವರ್ಷ ಆದ್ ಮ್ಯಾಲೆ ಮಳಿ ಹೆಂಗಾಗ್ತೈತಿ ಅಂತ ಲೆಕ್ಕಾ ಹಾಕ್ತೀವ್ರೀ ಅಕ್ಕಾ."

"ಐವತ್ತು ವರ್ಸ! ಅದ್ಯಾಕವ್ವಾ, ನಾಳೆ ಮೆಣಸಿನಕಾಯಿ ಒಣಗಾಕ್ಲಾ ಬ್ಯಾಡ್ವಾ, ಅದ್ನ ಹೇಳಿ ಸಾಕು."

"ಅದು ನಮ್ಮ ಕೆಲಸ ಅಲ್ಲಮ್ಮ," ಎಂದೆ ನಾನು.

"ನಾಳೆದು ಗೊತ್ತಿಲ್ಲ, ಐವತ್ತು ವರ್ಸದ್ದು ಗೊತ್ತು. ಒಳ್ಳೆ ಕೆಲ್ಸ ಬಿಡಿ, ಕೇಳಾಕೆ ಯಾರೂ ಬದ್ಕಿರಲ್ಲ."

ಮಾಡೆಲಿನ ಪ್ರಕಾರ ಸೀಗೆಕಟ್ಟೆ ಕೆರೆ ಆ ಏಪ್ರಿಲಿನಲ್ಲಿ ಒಣಗಿರಬೇಕಿತ್ತು. ಎದುರಿಗೆ ನೀರು ನಿಂತಿತ್ತು. ನಾನು ಆಶ್ಚರ್ಯಪಟ್ಟಿದ್ದನ್ನು ನೋಡಿ ಮುನಿರತ್ನಮ್ಮ ಆಚೆಯ ಅಪಾರ್ಟ್‌ಮೆಂಟುಗಳ ಕಡೆ ಗಲ್ಲ ಎತ್ತಿ ತೋರಿಸಿದರು. "ಮಳೆ ಬರ್ದಿದ್ರೂ ಅಲ್ಲಿಂದ ಬತ್ತೈತೆ. ಅವ್ರು ದಿನಾ ಸ್ನಾನ ಮಾಡ್ತಾರೆ." ಇದು ಸಿಹಿನೀರಿನ ಅಧ್ಯಯನ ಎಂದು ಮಹಾದೇವಿ ಹೇಳಿದಳು. "ಸಿಹಿನೀರಾ? ನಿಮ್ ಕಂಪ್ಯೂಟ್ರಿಗೆ ಮೂಗೈತಾ?"

ಆಮೇಲೆ ಅವರು ನಮ್ಮನ್ನು ಮಿಲ್ಲಿನೊಳಕ್ಕೆ ಕರೆದುಕೊಂಡು ಹೋದರು. ಅವರ ತಂದೆ ಆ ಕೆರೆಯ ನೀರಗಂಟಿಯಾಗಿದ್ದವರು. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುತ್ತಿದ್ದವರು. ಗದ್ದೆಗಳು ಹೋಗಿ ಎಷ್ಟೋ ಕಾಲವಾಗಿದ್ದರೂ ಅವರು ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಎಳೆದ ಗೆರೆಗಳು ಹಾಗೇ ಇದ್ದವು. ದೊಡ್ಡ ಮಳೆಯಾದಾಗ ನೀರು ಎಲ್ಲಿಯ ತನಕ ಬಂದಿತ್ತು ಎನ್ನುವ ಗುರುತುಗಳು.

"ಇದು ನನ್ ಮದ್ವೆ ವರ್ಸ. ಇದು ಎಮ್ಮೆ ತೇಲೋದ ವರ್ಸ. ಈ ಮೇಲಿಂದು ಆ ಅಪಾರ್ಟ್‌ಮೆಂಟ್ ಎದ್ದ ವರ್ಸ." ಎಲ್ಲಕ್ಕಿಂತ ಮೇಲಿನ ಗೆರೆಯಿಂದ ಒಂದು ಗೇಣು ಎತ್ತರಕ್ಕೆ ಮೋಟಾರಿನ ಕಟ್ಟೆ ಇತ್ತು. "ಕೋಡಿ ಏರ್ಸ್ತಾರಂತೆ? ಎರಡಡಿ ಏರ್ಸಿದ್ರೆ ನೀರು ಎಲ್ಲಿಗೆ ಬತ್ತೈತೆ ಗೊತ್ತಾ?" ಅವರು ಮೋಟಾರಿನ ನೆತ್ತಿಯ ಮೇಲೆ, ಮಗುವಿನ ತಲೆಯ ಮೇಲೆ ಇಡುವಂತೆ ಕೈಯಿಟ್ಟರು. "ಇಲ್ಲಿಗೆ. ಮೋಟ್ರು ನೆನೆದ್ರೆ ಮಿಲ್ಲಿಲ್ಲ. ಮಿಲ್ಲಿಲ್ದಿದ್ರೆ ನಾನಿಲ್ಲ. ಬರ್ಕೊಳಿ ಮೇಡಂ."

ನಾನು ಬರೆದುಕೊಳ್ಳಲಿಲ್ಲ. ನಮ್ಮ ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಆಫೀಸಿಗೆ ಬಂದು ಲೆಕ್ಕಕ್ಕೆ ಕೂತೆವು. ಮಾಡೆಲಿನ ಮಳೆಯನ್ನು ಹಾಗೆಯೇ ಬಳಸಬಾರದು, ತಿದ್ದಬೇಕು ಎನ್ನುವುದು ಆಗಲೇ ಎಲ್ಲರಿಗೂ ಗೊತ್ತಿತ್ತು. ತಿದ್ದುವುದು ಹೀಗೆ: ಕಳೆದ ವರ್ಷಗಳಿಗೆ ಮಾಡೆಲ್ ಎಷ್ಟು ಮಳೆ ಹೇಳಿತ್ತು, ನಿಜವಾಗಿ ಎಷ್ಟು ಬಿತ್ತು ಎಂದು ಹೋಲಿಸಿ, ಆ ವ್ಯತ್ಯಾಸವನ್ನೇ ಮುಂದಿನ ವರ್ಷಗಳಿಗೂ ಸೇರಿಸುವುದು. ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ, ನೋಡಿದಾಗಲೆಲ್ಲ ಹತ್ತು ಕೂಡಿಸಿಕೊಳ್ಳುವ ಹಾಗೆ. ಇದಕ್ಕೆ ನಿಜವಾಗಿ ಬಿದ್ದ ಮಳೆಯ ದಾಖಲೆ ಬೇಕು. ಒಂದು ದಿನವೂ ತಪ್ಪದ ದಾಖಲೆ ಎಂದರೆ ನಮ್ಮ ಅಂಗಳದ್ದೇ, ನಂಜಪ್ಪನವರದ್ದು. ಅದನ್ನೇ ತೆಗೆದುಕೊಂಡೆವು.

ಮಾರ್ಚ್, ಏಪ್ರಿಲಿನಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ ಎಂದು ಮಾಡೆಲ್ ಹೇಳುತ್ತಿತ್ತು. ನಮ್ಮ ದಾಖಲೆಯಲ್ಲಿ, ಅದರಲ್ಲೂ ಈಚಿನ ವರ್ಷಗಳಲ್ಲಿ, ಬೇಸಿಗೆ ಮಳೆ ಧಾರಾಳವಾಗಿತ್ತು. 'ಪಾಪ, ಮಾಡೆಲಿಗೆ ನಮ್ಮ ಮಾವಿನ ಕಾಲದ ಮಳೆ ಗೊತ್ತಿಲ್ಲ' ಎಂದು ನಕ್ಕು ತಿದ್ದಿದೆವು. ಊರಿನ ಬೇರೆ ಮಾಪಕಗಳಲ್ಲಿ ಅಷ್ಟು ಬೇಸಿಗೆ ಮಳೆ ಇರಲಿಲ್ಲ. ಅದಕ್ಕೂ ನಮ್ಮ ಬಳಿ ಉತ್ತರವಿತ್ತು: ಇದು ಬೆಂಗಳೂರು, ಸೌತ್ ಎಂಡಿನ ಮಳೆ ಬನಶಂಕರಿಗೆ ಗೊತ್ತಿರುವುದಿಲ್ಲ. ಸತ್ಯವಾದ ಮಾತೊಂದನ್ನು ಇಷ್ಟು ಕೆಟ್ಟದಾಗಿ ಬಳಸಬಹುದು ಎಂದು ಆಗ ನನಗೆ ಗೊತ್ತಿರಲಿಲ್ಲ.

ತಿದ್ದಿದ ಲೆಕ್ಕದಲ್ಲಿ ಮುಂದಿನ ಐವತ್ತು ವರ್ಷವೂ ಬೇಸಿಗೆಯಲ್ಲಿ ಒಳ್ಳೆಯ ಮಳೆ. ಆ ನೀರನ್ನು ಹಿಡಿದಿಟ್ಟುಕೊಳ್ಳದಿದ್ದರೆ ಪಾಪ ಬರುತ್ತದೆ. ಆದ್ದರಿಂದ ಕೋಡಿ ಏರಿಸಿ. ಎಷ್ಟು? ಎರಡು ಅಡಿ.

"ಇದು ನಂಬರ್ ಅಂದ್ರೆ!" ಎಂದರು ನಿರ್ದೇಶಕರು. ನಾನು ಸಹಿ ಹಾಕಿದೆ. ವರದಿ ಹೋಯಿತು. ಸಹಿ ಹಾಕುವಾಗ ಮೋಟಾರಿನ ಮೇಲೆ ಇಟ್ಟ ಆ ಹಿಟ್ಟಿನ ಕೈ ನೆನಪಾಯಿತು.

ಷರಾ: ನೆನಪಾಗಲಿಲ್ಲ. ಸಹಿ ಹಾಕುವಾಗ ಊಟದ ಡಬ್ಬಿಯಲ್ಲಿ ಏನಿದೆ ಎಂದು ಯೋಚಿಸುತ್ತಿದ್ದೆ. ಕೈ ನೆನಪಾದದ್ದು ಆಮೇಲೆ, ಅದನ್ನು ತಂದು ಇಲ್ಲಿ ಕೂರಿಸಿದ್ದು ಇನ್ನೂ ಆಮೇಲೆ.

ತಪ್ಪು ಗೊತ್ತಾದದ್ದು ಹೀಗೆ. ಬೆಳಿಗ್ಗೆ ಎಂಟೂವರೆ. ನಾನು ಕಾಫಿ ಲೋಟ ಹಿಡಿದು ಪೋರ್ಟಿಕೋದಲ್ಲಿ ನಿಂತಿದ್ದೆ. ಮಾರ್ಚ್ ತಿಂಗಳ ನೀಲಿ ಆಕಾಶ, ಎಲ್ಲೂ ಮೋಡದ ಚೂರಿಲ್ಲ. ನಂಜಪ್ಪನವರು ಮಳೆಮಾಪಕದ ಹತ್ತಿರ ಬಗ್ಗಿದ್ದರು. ಆಗ ಒಂದು ಹನಿ ಮೇಲಿನಿಂದ ಹೊಳೆಯುತ್ತ ಇಳಿದು ಬಂದು ಮಾಪಕದ ಬಾಯಿಗೆ ಬಿತ್ತು. ನಾನು ನಿಧಾನವಾಗಿ ತಲೆಯೆತ್ತಿದೆ. ಎಲ್ಲವೂ ಒಂದೇ ಕ್ಷಣದಲ್ಲಿ ಅರ್ಥವಾಯಿತು.

ಷರಾ: ಈ ಪ್ಯಾರಾವನ್ನು ಮಹಾದೇವಿಗೆ ಫೋನಿನಲ್ಲಿ ಓದಿ ಹೇಳಿದೆ.

"ಮೇಡಮ್ರೀ, ಅವತ್ತ ನೀವು ಆಫೀಸ್ನಾಗ ಇರಲೇ ಇಲ್ಲ. ಹಲ್ಲಿನ ಡಾಕ್ಟರ್ ಕಡೆ ಹೋಗಿದ್ರಿ."

"ಆ ಹನಿ ಬಿದ್ದಿದ್ದು ಕಣ್ಣಿಗೆ ಕಟ್ಟಿದ ಹಾಗಿದೆಯಲ್ಲೇ!"

"ಅದು ನಾ ನಿಮಗ ಹೇಳಿದ್ದು. ಮತ್ತ ಅದು ಹನಿ ಅಲ್ರೀ. ಧೋ ಅಂತ ಸುರೀತಿತ್ತು."

ಪ್ಯಾರಾವನ್ನು ಅಳಿಸಿಲ್ಲ, ಹಾಗೇ ಬಿಟ್ಟಿದ್ದೇನೆ. ಹೊಸಬರಿಗೆ ನನ್ನ ಮೊದಲನೆಯ ಬುದ್ಧಿಮಾತು ಇದೇ: ತಿದ್ದಿದ್ದನ್ನು ಇಟ್ಟುಕೊಳ್ಳಿ, ತಿದ್ದುವ ಮೊದಲಿನದನ್ನೂ ಪಕ್ಕದಲ್ಲೇ ಇಟ್ಟಿರಿ.

ನಿಜವಾಗಿ ಆದದ್ದು ಇಷ್ಟು. ನಾನು ಹಲ್ಲು ಕೀಳಿಸಿಕೊಂಡು ಅರ್ಧ ಬಾಯಿ ಮರಗಟ್ಟಿ ಮಧ್ಯಾಹ್ನ ಆಫೀಸಿಗೆ ಬಂದೆ. ಮಹಾದೇವಿ ಬಾಗಿಲಲ್ಲೇ ಹಿಡಿದಳು. ನಾವೆಲ್ಲ ತಿಂಗಳ ಒಟ್ಟು ಮಳೆ ನೋಡುತ್ತಿದ್ದೆವು. ಅವಳು ಏನೋ ಬೇಸರಕ್ಕೆ ದಿನದಿನದ ಪಟ್ಟಿ ತೆರೆದು ಕೂತಿದ್ದಳು.

"ಮೇಡಮ್ರೀ, ಬ್ಯಾಸಗ್ಯಾಗ ಮಳಿ ಸೋಮವಾರ, ಬುಧವಾರ, ಶುಕ್ರವಾರ ಅಷ್ಟ ಬರ್ತೈತ್ರೀ."

"ಆಂ?"

"ಐತವಾರ ಮಳಿಗೆ ರಜಾ."

"ಆಂ?"

"ನಂಜಪ್ಪಾರನ ಕೇಳಿದೆ, ಸೋಮ ಬುಧ ಶುಕ್ರ ಏನ್ರೀ ವಿಶೇಷ ಅಂತ. ಕಾವೇರಿ ನೀರು ಬರೋ ದಿನ ಅಂದ್ರು."

ಮಳೆಮಾಪಕ ಮೊದಲು ಬಯಲಲ್ಲಿತ್ತು. ಆಮೇಲೆ ಪಕ್ಕದಲ್ಲಿ ಹೊಸ ಕಟ್ಟಡ ಎದ್ದಿತು, ಅದರ ತಲೆಯ ಮೇಲೆ ಕಪ್ಪು ಟ್ಯಾಂಕು ಕೂತಿತು, ಟ್ಯಾಂಕಿನಿಂದ ತುಂಬಿ ಚೆಲ್ಲುವ ಪೈಪೊಂದು ಗೋಡೆಯಾಚೆಗೆ ಮೂತಿ ಚಾಚಿತು. ಕಾವೇರಿ ನೀರು ಬಂದ ದಿನ ನಂಜಪ್ಪನವರು ಎಂಟಕ್ಕೆ ಪಂಪು ಹಾಕುತ್ತಿದ್ದರು. ಎಂಟೂಕಾಲಿಗೆ ಟ್ಯಾಂಕು ತುಂಬಿ ಚೆಲ್ಲುತ್ತಿತ್ತು. ಎಂಟೂವರೆಗೆ ಅವರು ಮಾಪಕ ಓದುತ್ತಿದ್ದರು. ಮಳೆಗಾಲದಲ್ಲಿ ಈ ನೀರು ನಿಜವಾದ ಮಳೆಯೊಳಗೆ ಬೆರೆತು ಯಾರಿಗೂ ತಿಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಅದೇ ಮಳೆ.

ಅಂದರೆ ಮಾಡೆಲ್ ಸರಿಯಾಗಿಯೇ ಹೇಳಿತ್ತು. ನಾವು ಅದನ್ನು ಟ್ಯಾಂಕಿಗೆ ಸರಿಹೊಂದುವಂತೆ ತಿದ್ದಿದ್ದೆವು. ಐವತ್ತು ವರ್ಷದ ನಂತರವೂ ನಮ್ಮ ಸಂಸ್ಥೆಯ ಟ್ಯಾಂಕು ಸೋಮ, ಬುಧ, ಶುಕ್ರ ತುಂಬಿ ಚೆಲ್ಲುತ್ತದೆ ಎನ್ನುವುದೇ ನಮ್ಮ ವರದಿಯ ಭವಿಷ್ಯವಾಣಿ. ಅದನ್ನು ನಂಬಿ ಮುನಿರತ್ನಮ್ಮನ ಮೋಟಾರನ್ನು ಮುಳುಗಿಸಲಿದ್ದೆವು.

ನಾನು ಮರಗಟ್ಟಿದ ಬಾಯಲ್ಲೇ ನಂಜಪ್ಪನವರ ಮೇಲೆ ಹಾರಾಡಿದೆ. ಅವರು ಉಗ್ರಾಣಕ್ಕೆ ಹೋಗಿ ಹಳೆಯ ರಿಜಿಸ್ಟರ್ ತಂದು ತೆರೆದಿಟ್ಟರು. ಹೊಸ ಟ್ಯಾಂಕು ಬಂದ ಮೊದಲ ತಿಂಗಳುಗಳು. ಕೊನೆಯ ಕಾಲಮಿನಲ್ಲಿ, ದುಂಡು ಅಕ್ಷರದಲ್ಲಿ, ದಿನ ಬಿಟ್ಟು ದಿನ: 'ಟ್ಯಾಂಕ್ ಚೆಲ್ಲಿದೆ. ಲೆಕ್ಕಕ್ಕೆ ತಗೋಬೇಡಿ.' ಆಮೇಲೆ ಹೊಸ ಫಾರಂ ಬಂದಿತ್ತು, ಕಂಪ್ಯೂಟರಿಗೆ ಸುಲಭವಾಗಲಿ ಎಂದು ನಾನೇ ವಿನ್ಯಾಸ ಮಾಡಿದ್ದು. ಅದರಲ್ಲಿ ಷರಾ ಇರಲಿಲ್ಲ.

"ಬಿದ್ದಿದ್ದು ಬರ್ದಿದೀನಿ ಮೇಡಂ. ಎಲ್ಲಿಂದ ಬಿತ್ತು ಅಂತ ಬರೆಯೋ ಕಾಲಂ ನೀವು ತೆಗೆಸಿದ್ರಿ."

"ಬಾಯಲ್ಲಿ ಹೇಳಬಹುದಿತ್ತಲ್ಲ ನಂಜಪ್ಪನವರೇ?"

"ಹೇಳೋಕೆ ಬಂದಿದ್ದೆ. ನೀವು ಫೆಬ್ರವರಿ ಮೂವತ್ತರ ವಿಷ್ಯ ಹೇಳ್ತಾ ಇದ್ರಿ."

ಅಷ್ಟರಲ್ಲಿ ಸೀಗೆಕಟ್ಟೆಯ ಕೋಡಿ ಏರಿಸಲು ಕಲ್ಲು ಬಂದು ಬಿದ್ದಿದೆ ಎಂದು ಸುದ್ದಿ ಬಂತು. ನಿರ್ದೇಶಕರ ಕೋಣೆಗೆ ಓಡಿದೆ. ಮರಗಟ್ಟಿದ್ದ ಬಾಯಿ ಬಿಟ್ಟಿತ್ತು, ನೋವು ಶುರುವಾಗಿತ್ತು. ಧೈರ್ಯ ಬಂದದ್ದು ಅದರಿಂದಲೇ ಇರಬೇಕು.

"ಸಾರ್, ವರದಿ ವಾಪಸ್ ತಗೋಬೇಕು."

"ಯಾಕೆ?"

"ಮಳೆ ತಪ್ಪು."

"ಎಷ್ಟು ತಪ್ಪು? ನಂಬರ್ ಹೇಳಿ."

"ಎರಡು ಅಡಿ ಅಲ್ಲ ಸಾರ್, ಸೊನ್ನೆ. ಅದೂ ಒಂದೇ ನಂಬರು."

ವಿವರ ಕೇಳಿದ ಮೇಲೆ ಅವರು ಕಿಟಕಿಯ ಹತ್ತಿರ ಹೋಗಿ ಟ್ಯಾಂಕನ್ನು ಬಹಳ ಹೊತ್ತು ನೋಡಿದರು. ಟ್ಯಾಂಕೂ ಅವರನ್ನು ನೋಡಿತು. ಅವತ್ತು ಶುಕ್ರವಾರವಾದ್ದರಿಂದ ಪೈಪಿನ ತುದಿಯಲ್ಲಿ ಇನ್ನೂ ಒಂದೊಂದೇ ತೊಟ್ಟು ಇತ್ತು.

"ಟ್ಯಾಂಕ್ ಅಂತ ಬರೀಬೇಡಿ ಮೇಡಂ. 'ಸ್ಥಳೀಯ ಜಲಮೂಲದ ಪ್ರಭಾವ' ಅಂತ ಬರೀರಿ."

"ಸಾರ್."

"ಕಳಿಸಿದ ವರದಿ ವಾಪಸ್ ತಗೊಂಡ್ರೆ ಸಂಸ್ಥೆ ಮರ್ಯಾದೆ ಏನಾಗತ್ತೆ?"

"ನೆನೆಯತ್ತೆ ಸಾರ್. ಒಂದಿನ ಒಣಗತ್ತೆ. ಆಯಮ್ಮನ ಮೋಟಾರ್ ಒಣಗಲ್ಲ."

ಷರಾ: ಈ ಮಾತನ್ನು ಮಾತ್ರ ಹೇಳಿದ್ದು ನಿಜ. ಬಾಗಿಲಾಚೆ ನಿಂತು ಮಹಾದೇವಿ ಕೇಳಿಸಿಕೊಂಡಿದ್ದಾಳೆ. 'ಮಾತು ಚಲೋ ಇತ್ತು, ಆದ್ರ ನೀವು ಅಳಾಕತ್ತಿದ್ರಿ' ಎನ್ನುತ್ತಾಳೆ. ಅದು ಹಲ್ಲುನೋವು.

ಪತ್ರದಲ್ಲಿ ಟ್ಯಾಂಕ್ ಎಂದೇ ಬರೆದೆ. ಅವರು ಮೂರು ಸಲ ಓದಿದರು, ನಿಟ್ಟುಸಿರು ಬಿಟ್ಟರು, ಸಹಿ ಹಾಕಿದರು. ಕಲ್ಲಿನ ಕೆಲಸ ನಿಂತಿತು. ಪೈಪನ್ನು ಮಾರನೆಯ ದಿನವೇ ಆಚೆಗೆ ತಿರುಗಿಸಲಾಯಿತು. ನಮ್ಮ ಸಂಸ್ಥೆಯಲ್ಲಿ ಯಾವ ಸುಧಾರಣೆಯೂ ಅಷ್ಟು ಬೇಗ ಆದದ್ದಿಲ್ಲ.

ಆದರೆ ಕೆರೆಯ ಪ್ರಶ್ನೆ ಹಾಗೇ ಇತ್ತು. ನಾನೂ ಮಹಾದೇವಿಯೂ ಮತ್ತೆ ಮಿಲ್ಲಿಗೆ ಹೋದೆವು. ಆದದ್ದನ್ನೆಲ್ಲ ಹೇಳಿದೆ. ಮುನಿರತ್ನಮ್ಮ ನಕ್ಕ ರಭಸಕ್ಕೆ ಅವರ ಮೈಮೇಲಿನ ಹಿಟ್ಟೆಲ್ಲ ಉದುರಿತು.

"ಅಂಗಾರೆ ನಿಮ್ ಟ್ಯಾಂಕಿ ನೀರು ನಮ್ ಕೆರೆಗೆ ಕೋಡಿ ಕಟ್ಟಾಕೆ ಬಂದಿತ್ತು ಅನ್ನಿ! ನಾನೊಂದು ಹೇಳ್ಲಾ ಮೇಡಂ? ಮಳೆ ಎಷ್ಟ್ ಬತ್ತೈತೆ ಅಂತ ಆಮೇಲೆ ನೋಡಿ. ನನ್ ಮೋಟ್ರು ಎಷ್ಟರಲ್ಲಿ ನೆನೀತೈತೆ, ಮೊದ್ಲು ಅದ್ನ ನೋಡಿ."

ನಾನು ಓದಿದ ಯಾವ ಪುಸ್ತಕದಲ್ಲೂ ಈ ಕೆಲಸವನ್ನು ಇಷ್ಟು ಚುಟುಕಾಗಿ ಹೇಳಿರಲಿಲ್ಲ. ಅಷ್ಟು ವರ್ಷವೂ ನಾವು ಮಾಡೆಲಿನಿಂದ ಹೊರಟು ಕೆಳಕ್ಕಿಳಿಯುತ್ತ ಕೊನೆಗೆ ಕೆರೆಗೆ ಬಂದು ಬೀಳುತ್ತಿದ್ದೆವು. ಈ ಸಲ ಗೋಡೆಯ ಗೆರೆಯಿಂದ ಶುರು ಮಾಡಿದೆವು. ಕೆರೆಯ ಅಂಗಳ ಅಳೆದೆವು, ಅಪಾರ್ಟ್‌ಮೆಂಟುಗಳಿಂದ ಬರುವ ನೀರನ್ನೂ ಸೇರಿಸಿದೆವು. ಎಷ್ಟು ಹೊತ್ತಿನಲ್ಲಿ ಎಷ್ಟು ಮಳೆ ಬಂದರೆ ನೀರು ಮೋಟಾರ್ ಮುಟ್ಟುತ್ತದೆ ಎಂದು ಮೊದಲು ತಿಳಿದುಕೊಂಡೆವು. ಆಮೇಲೆ ಒಂದೊಂದೇ ಮಾಡೆಲನ್ನು ಕರೆದು, ಸರಾಸರಿ ತೆಗೆಯದೆ, ಸಾಕ್ಷಿಗಳನ್ನು ಕೇಳುವಂತೆ ಬೇರೆ ಬೇರೆಯಾಗಿ ಕೇಳಿದೆವು: ಅಂಥ ಮಳೆಯನ್ನು ನೀನು ಎಷ್ಟು ಸಲ ಕಾಣುತ್ತೀ? ಒಟ್ಟು ಮಳೆ ಹೆಚ್ಚೋ ಕಡಿಮೆಯೋ ಎನ್ನುವುದರಲ್ಲಿ ಅವು ಎಂದಿನಂತೆ ಜಗಳವಾಡಿದವು. ಹೆಚ್ಚಿನವು ಒಪ್ಪಿದ ಮಾತು ಒಂದಿತ್ತು: ಬಂದಾಗ ಒಮ್ಮೆಲೇ ಸುರಿಯುತ್ತದೆ. ಹಾಗಾದರೆ ಎತ್ತರದ ಕಾಯಂ ಕೋಡಿ ಬೇಡವೇ ಬೇಡ.

"ಮತ್ತ ಬ್ಯಾಸಗಿಗೆ ನೀರು ಉಳಿಸೂದು ಹೆಂಗ್ರೀ?" ಎಂದಳು ಮಹಾದೇವಿ.

"ನಮ್ಮಪ್ಪ ಕೋಡಿ ಕಲ್ಲಿನ ಮಧ್ಯೆ ಹಲಗೆ ಇಡ್ತಿದ್ರು ಕಣವ್ವಾ," ಎಂದರು ಮುನಿರತ್ನಮ್ಮ. "ಮಳೆ ಹಿಂದಾದ್ಮೇಲೆ ಇಡೋದು, ಮುಂದಿನ ಮಳೆಗೆ ಮುಂಚೆ ತೆಗೆಯೋದು. ಕಲ್ಲಲ್ಲಿ ಕಚ್ಚು ಇನ್ನೂ ಐತೆ, ಹೋಗ್ ನೋಡಿ."

ಹೋಗಿ ನೋಡಿದೆವು. ಕೋಡಿಯ ಕಲ್ಲುಗಳಲ್ಲಿ ಹಲಗೆ ಕೂರುವ ಕಚ್ಚು, ಪಾಚಿ ಕಟ್ಟಿಕೊಂಡು, ಇತ್ತು. ಹೊಸ ವರದಿ ಅದನ್ನೇ ಹೇಳಿತು. ನಿರ್ದೇಶಕರು ಹಾಳೆ ತಿರುವಿ ತಿರುವಿ ಹುಡುಕಿದರು.

"ಎಷ್ಟು ಎತ್ತರ ಅಂತ ಒಂದು ನಂಬರ್ ಇಲ್ವಲ್ಲ ಮೇಡಂ ಇದರಲ್ಲಿ?"

"ಇದೆ ಸಾರ್, ಕೊನೇ ಪುಟದಲ್ಲಿ."

"ಇದು ಹತ್ತಂಕಿ ಇದೆ!"

"ಹಲಗೆ ತೆಗೆಯೋರ ಫೋನ್ ನಂಬರ್ ಸಾರ್. ಮುನಿರತ್ನಮ್ಮ ಅಂತ. ಒಂದೇ ನಂಬರ್."

ನಾನು ನಿವೃತ್ತಳಾಗಿ ಎರಡನೆಯ ವರ್ಷ. ಮಧ್ಯಾಹ್ನ ಊಟ ಮುಗಿಸಿ ಜಯನಗರದ ಮನೆಯಲ್ಲಿ ಕೂತಿದ್ದೆ. ಫೋನು ಬಂತು. ಆ ಕಡೆ ಮಳೆಯ ಸದ್ದು ಎಷ್ಟಿತ್ತೆಂದರೆ ಮುನಿರತ್ನಮ್ಮ ಕಿರುಚಿ ಮಾತಾಡುತ್ತಿದ್ದರು.

"ಮೇಡಂ, ಕೋಡಿ ಬಿತ್ತು! ಇಂತಾ ಮಳೆ ನಾನು ಕಂಡಿಲ್ಲ!"

ನನ್ನ ಕಿಟಕಿಯಾಚೆ ಬಿಸಿಲಿತ್ತು. ರಸ್ತೆಯ ಮೇಲೆ ಒಂದು ಹನಿ ಇರಲಿಲ್ಲ.

"ಹಲಗೆ ತೆಗೆದಿದ್ರಾ?"

"ಹೋದ ತಿಂಗಳೇ ತೆಗ್ದೆ."

"ಮೋಟಾರ್?"

"ನೀರು ಮೇಲಿನ ಗೆರೆ ದಾಟಿ ಬಂದು ನಿಂತೈತೆ. ಮೋಟ್ರಿಗೆ ಇನ್ನ ನಾಲ್ಕು ಬೆರಳೈತೆ. ನಿಂತೈತೆ ಕಣಮ್ಮ, ಏರ್ತಿಲ್ಲ."

ನನ್ನ ಬಾಯಿಂದ ಹಳೆಯ ಅಭ್ಯಾಸದ ಪ್ರಶ್ನೆಯೇ ಬಂತು. "ಇವತ್ತು ಯಾವ ವಾರ?"

"ಭಾನುವಾರ. ಯಾಕೆ?"

"ಏನಿಲ್ಲ," ಎಂದೆ. "ಹಾಗಾದರೆ ನಿಜವಾದ ಮಳೆ."

ಷರಾ: ಇಷ್ಟು ಚೆನ್ನಾಗಿ ಮುಗಿದದ್ದನ್ನು ಕಂಡು ಅನುಮಾನ ಬಂತು. ನಿನ್ನೆ ಮಿಲ್ಲಿಗೆ ಹೋಗಿದ್ದೆ. ಹಳೆಯ ಕೆಮ್ಮಣ್ಣಿನ ಗೆರೆಗಳ ಮೇಲೆ ಹೊಸದೊಂದು ಗೆರೆ ಇದೆ, ಸೀಮೆಸುಣ್ಣದ್ದು. ಪಕ್ಕದಲ್ಲಿ ಮುನಿರತ್ನಮ್ಮನ ಕೈಬರಹ: 'ಸುಕ್ರವಾರ. ಮೋಟ್ರು ಒಣಗೈತೆ.'